ಪೌತಿ ಖಾತೆಗೆಂದು ಕೇಳಿದ ಸಹಿ, ಹಕ್ಕು ಬಿಡುಗಡೆ ಪತ್ರದ ಕೆಳಗೆ: ಏನು ಮಾಡಬೇಕು?

1. ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಮನೆಯೊಳಗಿನ ಮಾತನ್ನು ಹೊರಗೆ ಹಾಕಬಾರದೆಂದು ಕೆಲವು ದಿನ ಸುಮ್ಮನಿದ್ದೆ. ಈಗ ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲವೆನಿಸಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ತವರು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಒಂಬತ್ತು ಎಕರೆ ಚಿಲ್ಲರೆ ಜಮೀನಿದೆ. ಅದರಲ್ಲಿ ಆರು ಎಕರೆ ಕಾಫಿ ತೋಟ 1982ರಲ್ಲಿ ತಂದೆಯವರು ಅಣ್ಣತಮ್ಮಂದಿರಿಂದ ಬೇರೆಯಾದಾಗ ನೋಂದಾಯಿತ ಪಾಲುಪಟ್ಟಿಯ ಮೂಲಕ ಅವರ ಭಾಗಕ್ಕೆ ಬಂದದ್ದು. ಉಳಿದದ್ದನ್ನು, ಹೊಳೆಯಂಚಿನ ಗದ್ದೆಯೂ ಸೇರಿ, 1991ರಲ್ಲಿ ಅವರೇ ಕ್ರಯಕ್ಕೆ ಪಡೆದರು. ತಂದೆಯವರು 2019ರಲ್ಲಿ ತೀರಿಕೊಂಡರು. ಉಯಿಲು ಬರೆದಿಟ್ಟಿಲ್ಲ. ತಾಯಿ ಇದ್ದಾರೆ. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಅಕ್ಕನ ಮದುವೆ 1992ರಲ್ಲಿ ಆಯಿತು, ನನ್ನದು 2001ರಲ್ಲಿ. ತೋಟವನ್ನು ನೋಡಿಕೊಳ್ಳುತ್ತಿರುವವನು ತಮ್ಮನೇ, ತಾಯಿ ಇರುವುದೂ ಅವನ ಜೊತೆಯಲ್ಲೇ. ಆ ವಿಷಯದಲ್ಲಿ ಅವನ ಮೇಲೆ ನನ್ನದೇನೂ ದೂರಿಲ್ಲ.

ಹಾಸನಾಂಬೆಯ ದರ್ಶನಕ್ಕೆಂದು ತಮ್ಮ ಮತ್ತು ಅವನ ಹೆಂಡತಿ ಬಂದವರು ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದರು. ಬೆಳಿಗ್ಗೆ ಕಾಫಿ ಕುಡಿಯುವಾಗ, ಪಹಣಿ ಇನ್ನೂ ತಂದೆಯ ಹೆಸರಿನಲ್ಲೇ ಇರುವುದರಿಂದ ಆನೆ ತುಳಿದ ಬೆಳೆಗೆ ಪರಿಹಾರದ ಅರ್ಜಿ ಹಾಕಲೂ ತೊಂದರೆ, ಸಹಕಾರ ಸಂಘದ ಸಾಲ ನವೀಕರಿಸಲೂ ತೊಂದರೆ ಎಂದು ಹೇಳಿ, ‘ಪೌತಿ ಖಾತೆಗೆ ನಿಮ್ಮಿಬ್ಬರ ಸಹಿ ಬೇಕು, ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಬಂದುಬಿಡು’ ಎಂದ. ಓದಿಕೊಂಡಿರು ಎಂದು ಒಂದು ಪ್ರತಿಯನ್ನೂ ಬಿಟ್ಟುಹೋದ. ಅವನು ಮೋಸ ಮಾಡಬೇಕೆಂದಿದ್ದರೆ ಪ್ರತಿಯನ್ನು ಕೊಡುತ್ತಿರಲಿಲ್ಲ ಎಂಬುದು ನನ್ನ ಸಮಾಧಾನ.

ಏಳು ಹಾಳೆಗಳಿವೆ. ಪ್ರತಿ ಹಾಳೆಯ ಕೆಳಗೆ ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಗುಣಾಕಾರದ ಗುರುತು ಹಾಕಿದ್ದಾರೆ. ಮೊದಲ ಮೂರು ಹಾಳೆಗಳಲ್ಲಿ ವಂಶದ ವಿವರ. ನಾಲ್ಕನೆಯ ಹಾಳೆಯ ಮಧ್ಯದಲ್ಲಿ ಹೀಗಿದೆ: ‘ನಮ್ಮ ಮದುವೆಯ ಕಾಲದಲ್ಲಿ ನಮಗೆ ಸಲ್ಲತಕ್ಕ ಭಾಗವು ಒಡವೆ, ವಸ್ತ್ರ ಹಾಗೂ ನಗದಿನ ರೂಪದಲ್ಲಿ ಸಂದಾಯವಾಗಿದ್ದು, ಷೆಡ್ಯೂಲು ಸ್ವತ್ತುಗಳಲ್ಲಿ ನಮಗಾಗಲೀ ನಮ್ಮ ವಾರಸುದಾರರಿಗಾಗಲೀ ಇನ್ನು ಮುಂದೆ ಯಾವುದೇ ಹಕ್ಕು ಇರುವುದಿಲ್ಲ.’ ಕೇಳಿದರೆ, ಬರಹಗಾರರು ಎಲ್ಲರಿಗೂ ಹಾಗೆಯೇ ಬರೆಯುತ್ತಾರೆ ಎಂದ. ಅಕ್ಕನ ಮದುವೆ 1994ಕ್ಕಿಂತ ಮೊದಲೇ ಆಗಿರುವುದರಿಂದ ಅವಳಿಗೆ ಕಾನೂನಿನಲ್ಲಿ ಹೇಗೂ ಪಾಲಿಲ್ಲ, ಸಹಿ ಬರೀ ಶಾಸ್ತ್ರಕ್ಕೆ ಎಂದೂ ಹೇಳಿದ.

ಪೌತಿ ಖಾತೆಗೆ ಇಂಥ ಪತ್ರ ಬೇಕೇ? ಸಹಿ ಹಾಕದಿದ್ದರೆ ಖಾತೆ ಆಗುವುದೇ ಇಲ್ಲವೇ? ಜಗಳವಿಲ್ಲದೆ ಇದನ್ನು ಬಗೆಹರಿಸುವ ದಾರಿ ಯಾವುದು?

2. ನಿವೃತ್ತ ಗ್ರಾಮಲೆಕ್ಕಿಗ

ತಾಯಿ, ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪೌತಿ ಖಾತೆಗಾಗಿ ಯಾರೂ ನಿಮ್ಮನ್ನು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆಯುವುದಿಲ್ಲ. ಅಲ್ಲಿ ಕರೆದಿದ್ದಾರೆಂದರೆ ಅದು ಪತ್ರ ನೋಂದಣಿಯೇ ಹೊರತು ಖಾತೆಯ ಕೆಲಸವಲ್ಲ.

ಖಾತೆದಾರರು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ವಾರಸುದಾರರ ಹೆಸರನ್ನು ಪಹಣಿಗೆ ತರುವುದಷ್ಟೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಗುರುತಿನ ದಾಖಲೆ, ಪಹಣಿ ಇವುಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತ ಅಧಿಕಾರಿಗಳು ಸ್ಥಳ ವಿಚಾರಣೆ ಮಾಡಿ, ನೋಟಿಸ್ ಹೊರಡಿಸಿ, ತಕರಾರು ಬಾರದಿದ್ದರೆ ರಾಜಸ್ವ ನಿರೀಕ್ಷಕರು ಹಕ್ಕು ಬದಲಾವಣೆಯನ್ನು ಮಂಜೂರು ಮಾಡುತ್ತಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಕಲಮುಗಳು ಇದಕ್ಕಾಗಿಯೇ ಇವೆ. ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಕೊಡಬೇಕೆಂದು 128ನೆಯ ಕಲಮು ಹೇಳುತ್ತದೆ. ನಮ್ಮ ಕಡೆ ಮೂವತ್ತು ವರ್ಷವಾದರೂ ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಗಳಿವೆ, ಆ ಮಾತು ಬೇರೆ.

ಈ ಅರ್ಜಿಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಮಗ, ಈ ನಾಲ್ವರ ಹೆಸರೂ ಜಂಟಿಯಾಗಿ ಬರಬೇಕು. ಒಬ್ಬನ ಹೆಸರಿಗೆ ಮಾತ್ರ ಮಾಡಬೇಕಾದರೆ ಉಳಿದವರು ತಮ್ಮ ಹಕ್ಕನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟಿರಬೇಕು. ನಿಮ್ಮ ತಮ್ಮನಿಗೆ ಯಾರೋ ಹೇಳಿಕೊಟ್ಟಿರುವುದು ಈ ಎರಡನೆಯ ದಾರಿ. ಒಬ್ಬನ ಹೆಸರಿನಲ್ಲಿದ್ದರೆ ಸಾಲಕ್ಕೂ ಪರಿಹಾರಕ್ಕೂ ಓಡಾಟ ಕಡಿಮೆ ಎಂಬುದು ನಿಜ. ಆದರೆ ಓಡಾಟ ಕಡಿಮೆಯಾಗಲೆಂದು ಹಕ್ಕನ್ನೇ ಬಿಡಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ.

ವಂಶವೃಕ್ಷವನ್ನು ಕೂಡಲೇ ನೋಡಿ. ಹಿಂದೆ ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳನ್ನಷ್ಟೇ ಬರೆಸಿಕೊಂಡು ಬರುತ್ತಿದ್ದರು; ‘ಅವರು ಕೊಟ್ಟ ಮನೆ ಸೇರಿದ್ದಾರೆ ಸ್ವಾಮಿ’ ಎನ್ನುತ್ತಿದ್ದರು. ಹಾಗೆ ಬಂದ ಕಾಗದಗಳಲ್ಲಿ ಒಂದೆರಡನ್ನು ನಾನೂ ಹಿಂದಿರುಗಿಸದೆ ಮುಂದಕ್ಕೆ ಕಳುಹಿಸಿದ್ದೇನೆ, ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ನಿಮ್ಮಿಬ್ಬರ ಹೆಸರು ಬಿಟ್ಟುಹೋಗಿದ್ದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ತಕರಾರು ಬಂದ ಮೇಲೆ ಎರಡೂ ಕಡೆಯವರನ್ನು ವಿಚಾರಿಸದೆ ಖಾತೆ ಮಾಡುವಂತಿಲ್ಲ. ಮಾಡಿಯೇಬಿಟ್ಟಿದ್ದರೆ 136ನೆಯ ಕಲಮಿನಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಇದೆ, ನಿಮ್ಮದಕ್ಕೆ ಸಕಲೇಶಪುರದಲ್ಲೇ ಕಚೇರಿ.

ಒಂದು ಅನುಮಾನ: ಆ ಏಳು ಹಾಳೆಯಲ್ಲಿ ನಿಮ್ಮ ತಾಯಿಯವರ ಹೆಸರು ಎಲ್ಲಿದೆ ನೋಡಿ ಹೇಳಿ. ಬರೆಸಿಕೊಳ್ಳುವವರ ಕಡೆಯೋ, ಬರೆದುಕೊಡುವವರ ಕಡೆಯೋ?

3. ಹಾಸನದ ಮಗಳು

ಹಿರಿಯರೆ, ನೀವು ಕೇಳಿದ ಮೇಲೆ ಮತ್ತೆ ತೆಗೆದು ನೋಡಿದೆ. ಬರೆದುಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರೇ ಅಮ್ಮನದು. ನಾನು ನನ್ನ ಹೆಸರನ್ನು ಹುಡುಕುವ ಭರದಲ್ಲಿ ಅದನ್ನು ಗಮನಿಸಿರಲಿಲ್ಲ. ಸಂಜೆ ಫೋನು ಮಾಡಿದಾಗ ಅಮ್ಮ, ‘ಖಾತೆಗೆ ಹೆಬ್ಬೆಟ್ಟು ಒತ್ತಬೇಕಂತೆ’ ಎಂದಷ್ಟೇ ಹೇಳಿದರು.

4. ಆಲೂರಿನ ಅಣ್ಣ

ಇಲ್ಲಿ ಎಲ್ಲರೂ ಒಂದೇ ಕಡೆಯಿಂದ ಮಾತನಾಡುವುದಕ್ಕೆ ಮೊದಲು ತೋಟದಲ್ಲಿ ಉಳಿದವನ ಮಾತನ್ನೂ ಕೇಳಿ. ನಾನೂ ಇಬ್ಬರು ತಂಗಿಯರ ಅಣ್ಣ. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಆಳುಗಳ ಸಂಬಳಕ್ಕೂ ಸಾಲ ಮಾಡಿದವನು ನಾನು. ಬಿಳಿ ಕಾಂಡಕೊರಕ ಹತ್ತಿ ಅರೇಬಿಕಾ ಗಿಡಗಳನ್ನು ಕಿತ್ತು ಸುಟ್ಟು, ರೊಬಸ್ಟಾ ಹಾಕಿ, ಅದು ಫಸಲಿಗೆ ಬರುವ ತನಕ ಮೆಣಸಿನ ಬಳ್ಳಿಯನ್ನು ನಂಬಿ ಬದುಕಿದವನೂ ನಾನೇ. ಆಗ ಯಾರೂ ಪಾಲು ಕೇಳಲಿಲ್ಲ. ಈಗ ಬೆಲೆ ಬಂದಿರುವಾಗ, ರಸ್ತೆಬದಿಯ ಜಮೀನನ್ನು ಹೋಂಸ್ಟೇಗೆ ಕೇಳುವವರು ಬಂದಿರುವಾಗ, ಎಲ್ಲರಿಗೂ ತವರಿನ ನೆನಪಾಗುತ್ತದೆ.

ತಂಗಿಯರ ಮದುವೆಗೆ ತಂದೆ ಮಾಡಿದ ಸಾಲವನ್ನು ತೀರಿಸಿದ್ದು ತೋಟದ ಆದಾಯದಿಂದಲೇ. ಹಾಗಿರುವಾಗ ‘ಮದುವೆಯ ಕಾಲದಲ್ಲಿ ಸಂದಿದೆ’ ಎಂದು ಬರೆದದ್ದರಲ್ಲಿ ಸುಳ್ಳೇನಿದೆ? ಆಸ್ಪತ್ರೆ, ಔಷಧ, ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಇವುಗಳ ಲೆಕ್ಕವನ್ನು ಯಾವ ಪಾಲುಪಟ್ಟಿಯಲ್ಲಿ ಬರೆಯುತ್ತಾರೆ ಎಂಬುದನ್ನು ಕಾನೂನು ಬಲ್ಲವರು ದಯವಿಟ್ಟು ತಿಳಿಸಲಿ. ನಾಲ್ಕು ಹೆಸರಿನ ಜಂಟಿ ಖಾತೆ ಮಾಡಿಟ್ಟರೆ ಪ್ರತಿ ಸಾಲಕ್ಕೂ ನಾಲ್ವರನ್ನು ಬ್ಯಾಂಕಿಗೆ ಕರೆತರಬೇಕು. ಒಬ್ಬರು ಮೈಸೂರಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ. ಫಸಲು ಯಾರಿಗೂ ಕಾಯುವುದಿಲ್ಲ.

5. ವಕೀಲ, ಹಾಸನ

ಪ್ರಶ್ನೆ ಕೇಳಿದ ತಂಗಿಗೂ ಆಲೂರಿನ ಅಣ್ಣನಿಗೂ ಒಟ್ಟಿಗೇ ಉತ್ತರಿಸುತ್ತೇನೆ, ಏಕೆಂದರೆ ಇಬ್ಬರ ಕೈಯಲ್ಲೂ ಅರ್ಧರ್ಧ ಸತ್ಯವಿದೆ.

1994ರ ಮಾತು ಎಲ್ಲಿಂದ ಬಂತೆಂದು ಮೊದಲು ಹೇಳುತ್ತೇನೆ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟ ಆ ತಿದ್ದುಪಡಿಯು, ಆ ದಿನಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವುದು ಆ ಹೊರಗಿಟ್ಟ ಮಾತು ಮಾತ್ರ. ಅದಾದ ಮೇಲೆ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು, ಮದುವೆ ಆಗಿದೆಯೇ ಇಲ್ಲವೇ, ಯಾವಾಗ ಆಯಿತು ಎಂಬ ಭೇದವನ್ನೇ ಎತ್ತಿಹಾಕಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ವಿಚಾರದಲ್ಲಿ ಕೆಲವು ವರ್ಷ ಗೊಂದಲವಿತ್ತು. ನಮ್ಮ ರಾಜ್ಯದಿಂದಲೇ ಹೋದ ಫುಲಾವತಿ ಮತ್ತು ದಾನಮ್ಮ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಎರಡು ಪೀಠಗಳು ಬೇರೆ ಬೇರೆ ಧಾಟಿಯಲ್ಲಿ ಹೇಳಿದ್ದವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಆ ಗೊಂದಲವನ್ನು ಕೊನೆಗೊಳಿಸಿ, ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿತು. ನಿಮ್ಮ ತಂದೆಯವರಂತೂ 2019ರವರೆಗೆ ಇದ್ದರು. ಆದ್ದರಿಂದ 1992ರಲ್ಲಿ ಮದುವೆಯಾದ ಅಕ್ಕನಿಗೂ, ನಿಮಗೂ, ತಮ್ಮನಿಗೂ ಪಿತ್ರಾರ್ಜಿತದ ಆರು ಎಕರೆಯಲ್ಲಿರುವ ಹಕ್ಕು ಒಂದೇ ಸಮ. ತಂದೆಗೆ ಸಲ್ಲುವ ಭಾಗದಲ್ಲಿ ತಾಯಿಗೂ ಪಾಲಿದೆ.

1991ರಲ್ಲಿ ಕೊಂಡ ಜಮೀನು, ಬೇರೆ ಯಾವ ಮೂಲದ ಹಣವೂ ಸೇರಿಲ್ಲವೆಂದಾದರೆ, ತಂದೆಯ ಸ್ವಯಾರ್ಜಿತ. ಇದಕ್ಕೆ 1994 ಬೇಡ, 2005 ಬೇಡ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಂತ ಸ್ವತ್ತು ಹೆಂಡತಿಗೂ ಗಂಡು ಹೆಣ್ಣೆನ್ನದೆ ಮಕ್ಕಳಿಗೂ ಸಮನಾಗಿ ಹೋಗಬೇಕೆಂಬುದು 1956ರಿಂದಲೇ ಇರುವ ಕಾನೂನು. ಅಂದರೆ ನಾಲ್ವರಿಗೆ ನಾಲ್ಕು ಸಮಭಾಗ. ತವರಿನ ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವವರೆಗೆ ಹೆಣ್ಣುಮಕ್ಕಳು ಪಾಲು ಕೇಳಬಾರದೆಂದಿದ್ದ 23ನೆಯ ಕಲಮನ್ನೂ 2005ರಲ್ಲಿ ತೆಗೆದುಹಾಕಲಾಗಿದೆ.

ಆಲೂರಿನ ಅಣ್ಣನವರೆ, ಮದುವೆಯ ಖರ್ಚನ್ನು ಪಾಲಿಗೆ ವಜಾ ಹಾಕಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಕೊಟ್ಟದ್ದು ಉಡುಗೊರೆಯಾದರೆ ಅದು ಉಡುಗೊರೆ. ವರದಕ್ಷಿಣೆಯಾದರೆ 1961ರಿಂದಲೇ ನಿಷಿದ್ಧವಾದ ವ್ಯವಹಾರ, ಅದನ್ನು ಪಾಲಿನ ಮುಂಗಡವೆಂದು ನ್ಯಾಯಾಲಯದಲ್ಲಿ ಹೇಳಿಕೊಳ್ಳಲು ಯಾವ ವಕೀಲನೂ ಇಷ್ಟಪಡಲಾರ. ಆದರೆ ನಿಮ್ಮ ಮಾತಿನ ಇನ್ನೊಂದು ಅರ್ಧಕ್ಕೆ ಕಾನೂನು ಕಿವುಡಾಗಿಲ್ಲ. ತಂದೆಯ ಸಾಲ ತೀರಿಸಿದ್ದಕ್ಕೆ ರಸೀದಿ ಇದ್ದರೆ, ಗಿಡ ಕಿತ್ತು ಮರುನಾಟಿ ಮಾಡಿದ್ದಕ್ಕೆ ದಾಖಲೆ ಇದ್ದರೆ, ವಿಭಾಗದ ವೇಳೆ ಅದನ್ನು ಹೊಂದಾಣಿಕೆ ಮಾಡಿಕೊಳ್ಳಲು ಕೇಳಬಹುದು. ನೀವು ಬೆಳೆಸಿದ ತುಂಡನ್ನು ನಿಮ್ಮ ಪಾಲಿಗೇ ಹಾಕುವಂತೆಯೂ ಕೇಳಬಹುದು. ಹಾಗೆ ಕೇಳಿದಾಗ ಇಷ್ಟು ವರ್ಷದ ಫಸಲಿನ ಆದಾಯದ ಲೆಕ್ಕವನ್ನು ತಂಗಿಯರೂ ಕೇಳಬಹುದೆಂಬುದು ನೆನಪಿರಲಿ. ಇನ್ನು, ಪಾಲು ಪಡೆದ ಹೆಣ್ಣುಮಕ್ಕಳು ತಮ್ಮ ಭಾಗವನ್ನು ಹೊರಗಿನವರಿಗೆ ಮಾರಿಬಿಡುತ್ತಾರೆಂಬ ಭಯಕ್ಕೆ ಹಿಂದೂ ಉತ್ತರಾಧಿಕಾರ ಅಧಿನಿಯಮದ 22ನೆಯ ಕಲಮಿದೆ: ತಂದೆಯಿಂದ ಒಟ್ಟಾಗಿ ವಾರಸಿನಲ್ಲಿ ಬಂದ ಸ್ವತ್ತಿನ ಪಾಲನ್ನು ಒಬ್ಬರು ಮಾರಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು. ಇದು ಕೃಷಿ ಜಮೀನಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ತಂಗಿ, ಹಕ್ಕು ಬಿಡುಗಡೆ ಪತ್ರ ನೋಂದಣಿಯಾದರೆ ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಮೋಸ ಅಥವಾ ಒತ್ತಾಯವನ್ನು ನೀವೇ ಸಾಬೀತು ಮಾಡಬೇಕು, ಅದೂ ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಿ. ಪ್ರತಿ ನಿಮ್ಮ ಕೈಯಲ್ಲಿ ಮೊದಲೇ ಇತ್ತು, ನಾಲ್ಕನೆಯ ಹಾಳೆಯನ್ನು ಓದಿದ್ದಿರಿ ಎಂದ ಮೇಲೆ ಓದದೆ ಸಹಿ ಮಾಡಿದೆ ಎನ್ನಲಾಗದು. ಸೋಮವಾರ ಹೋಗಬೇಡಿ.

ನಿಮ್ಮ ತಾಯಿಯವರ ಹೆಬ್ಬೆಟ್ಟಿನ ಬಗ್ಗೆಯೇ ನನಗೆ ಹೆಚ್ಚು ಯೋಚನೆ. ಅವರ ಪಾಲು ಪೂರ್ತಿಯಾಗಿ ಅವರದೇ. ಬದುಕಿರುವಷ್ಟು ದಿನ ಅದನ್ನು ಕೈಯಲ್ಲಿಟ್ಟುಕೊಂಡು, ಮಗನಿಗೇ ಕೊಡಬೇಕೆಂದಿದ್ದರೆ ಇಬ್ಬರು ಸಾಕ್ಷಿಗಳ ಎದುರು ಉಯಿಲು ಬರೆದಿಡಬಹುದು. ಈಗಲೇ ಬರೆದುಕೊಡುವುದಾದರೆ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದೊಳಗೆ ಸ್ಪಷ್ಟವಾಗಿ ಬರೆಸಬೇಕು. 2007ರ ಹಿರಿಯ ನಾಗರಿಕರ ಅಧಿನಿಯಮದ 23ನೆಯ ಕಲಮಿನಡಿ ಇಂಥ ವರ್ಗಾವಣೆಯನ್ನು ರದ್ದು ಮಾಡಿಸಲು ಅವಕಾಶವಿದ್ದರೂ, ಆ ಷರತ್ತು ಇರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

6. ಮೂಡಿಗೆರೆಯ ಓದುಗಿ

ನಾನು ಸಹಿ ಹಾಕಿದವಳು. 2003ರಲ್ಲಿ, ಅಪ್ಪ ಬದುಕಿದ್ದಾಗಲೇ, ನನ್ನ ನಾದಿನಿಯ ಮದುವೆಗೆ ಹೊರಟು ನಿಂತಿದ್ದ ಹೊತ್ತಿನಲ್ಲಿ ಅಣ್ಣ ಜಗಲಿಯ ಮೇಲೆ ಛಾಪಾ ಕಾಗದವನ್ನು ಹರಡಿದ. ಅದರ ಮೇಲೆ ಒಂದು ಎವರೆಡಿ ಟಾರ್ಚನ್ನು ಭಾರಕ್ಕೆ ಇಟ್ಟಿದ್ದ, ಗಾಳಿಗೆ ಹಾರದಿರಲೆಂದು. ಟಾರ್ಚಿನ ಕೆಳಗೆ ಏನು ಬರೆದಿತ್ತೋ ನಾನು ನೋಡಲಿಲ್ಲ. ಅಮ್ಮ ಅರಿಶಿನ ಕುಂಕುಮ ಕೊಟ್ಟು, ಕಣದ ಬಟ್ಟೆಯನ್ನು ಕೈಗಿಟ್ಟರು. ಅದು ಆ ಸಹಿಗೆ ಪ್ರತಿಯಾಗಿ ಬಂದದ್ದೆಂದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ನೋಟರಿ ಮಾಡಿಸಿದ್ದಾರೆಂದು ತಿಳಿಯಿತು. ನೋಂದಣಿ ಆಗಿಲ್ಲ. ಅಪ್ಪ 2011ರಲ್ಲಿ ಹೋದರು. ಜಮೀನೆಲ್ಲ ಅಪ್ಪನೇ ಸಂಪಾದಿಸಿದ್ದು. ಈಗ ಇಪ್ಪತ್ತು ವರ್ಷವಾದ ಮೇಲೆ ಕೇಳಿದರೆ, ಬರೆದುಕೊಟ್ಟು ಈಗ ಮಾತಿಗೆ ತಪ್ಪುತ್ತೀಯಾ ಎನ್ನುತ್ತಾರೆ. ನನಗೆ ತೋಟ ಬೇಕಾಗಿಲ್ಲ. ಆದರೆ ಕೇಳದೆ ತೆಗೆದುಕೊಂಡರಲ್ಲ ಎಂಬುದು ಒಳಗೆ ಕುಳಿತುಬಿಟ್ಟಿದೆ. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದಾಗಲೂ ಆ ಟಾರ್ಚೇ ಕಣ್ಣಿಗೆ ಬರುತ್ತದೆ. ವಕೀಲರು ನನ್ನ ಕಾಗದದ ಬೆಲೆ ಏನೆಂದು ಹೇಳಬಹುದೇ?

7. ವಕೀಲ, ಹಾಸನ

ಅಕ್ಕ, ಆ ಕಾಗದದಲ್ಲಿ ಎರಡು ದೋಷಗಳಿವೆ. ತಂದೆಯ ಸ್ವಯಾರ್ಜಿತ ಸ್ವತ್ತಿನಲ್ಲಿ ತಂದೆ ಬದುಕಿರುವವರೆಗೆ ಮಕ್ಕಳಿಗೆ ಹಕ್ಕೇ ಹುಟ್ಟಿರುವುದಿಲ್ಲ. ಮುಂದೆ ಬರಬಹುದೆಂಬ ನಿರೀಕ್ಷೆಯನ್ನು ವರ್ಗಾಯಿಸಲಾಗದೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 6ನೆಯ ಕಲಮು ಹೇಳುತ್ತದೆ. ಎರಡನೆಯದಾಗಿ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಸ್ವತ್ತಿನ ಹಕ್ಕನ್ನು ಬಿಡುವ ಪತ್ರವು 1908ರ ನೋಂದಣಿ ಅಧಿನಿಯಮದಂತೆ ನೋಂದಣಿಯಾಗಲೇಬೇಕು. ನೋಟರಿಯ ಮೊಹರು ನೋಂದಣಿಗೆ ಸಮನಲ್ಲ. ಆದರೆ ಆಗ ನೀವು ಹಣವೇನಾದರೂ ಪಡೆದಿದ್ದರೆ ವಾದ ಬೇರೆ ದಾರಿ ಹಿಡಿಯುತ್ತದೆ. ಜೊತೆಗೆ, ನಿಮ್ಮನ್ನು ಪಾಲಿನಿಂದ ಹೊರಗಿಟ್ಟಿದ್ದಾರೆಂದು ನಿಮಗೆ ತಿಳಿದ ದಿನದಿಂದ ಹನ್ನೆರಡು ವರ್ಷದ ಕಾಲಮಿತಿ ಇದೆ. ಆದ್ದರಿಂದ ಅಣ್ಣ ಮೊದಲ ಬಾರಿಗೆ ‘ನಿನಗೇನೂ ಇಲ್ಲ’ ಎಂದದ್ದು ಯಾವಾಗ ಎಂಬುದನ್ನು ನೆನಪಿಸಿಕೊಂಡು, ಮೂಡಿಗೆರೆಯ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನು ಮಾಡಿಯೂ ಕೇಳಬಹುದು.

8. ಕೊಪ್ಪದ ಕ್ರೈಸ್ತ ಬಂಧು

ಇದೆಲ್ಲ ನಮಗೂ ಅನ್ವಯಿಸುತ್ತದೆಯೇ?

9. ವಕೀಲ, ಹಾಸನ

ಇಲ್ಲ. ನಿಮಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಉಯಿಲಿಲ್ಲದಿದ್ದರೆ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ. ಸಹಿ ಹಾಕುವ ಮೊದಲು ಓದಬೇಕಾದ ನಾಲ್ಕನೆಯ ಹಾಳೆ ಮಾತ್ರ ಎಲ್ಲರಿಗೂ ಒಂದೇ.

10. ಬೇಲೂರಿನ ಪತ್ರಬರಹಗಾರ

ಬರಹಗಾರರ ಮೇಲೆ ಮಾತು ಬಂದಿರುವುದರಿಂದ ಹೇಳುತ್ತೇನೆ. ‘ಒಡವೆ, ವಸ್ತ್ರ, ನಗದು’ ಎಂಬ ಆ ಸಾಲು ನಮ್ಮ ಗುರುಗಳ ಕಾಲದಿಂದ ಬಂದ ಅಚ್ಚು. ಮೊದಲು ಬೆರಳಚ್ಚು ಯಂತ್ರದಲ್ಲಿ ಹೊಡೆಯುತ್ತಿದ್ದೆವು, ಈಗ ಕಂಪ್ಯೂಟರಿನಲ್ಲಿ ಹೆಸರು ಮತ್ತು ಸರ್ವೆ ನಂಬರು ಬದಲಿಸಿದರೆ ಪತ್ರ ಸಿದ್ಧ. ಬಂದವರು ಹೇಳಿದ್ದನ್ನು ಬರೆಯುವುದು ನಮ್ಮ ಕಸುಬು. ಆದರೆ ನಮ್ಮ ಮುಂದೆ ಕುಳಿತು ಹೇಳುವವರು ಬಹುಮಟ್ಟಿಗೆ ಬರೆಸಿಕೊಳ್ಳುವವರೇ. ಬರೆದುಕೊಡುವ ಹೆಣ್ಣುಮಕ್ಕಳು ನೋಂದಣಿಯ ದಿನ ನೇರವಾಗಿ ಕಚೇರಿಯ ಮುಂದೆ ಕಾರಿನಿಂದ ಇಳಿಯುತ್ತಾರೆ. ಒಳಗೆ ಫೋಟೋ, ಹೆಬ್ಬೆಟ್ಟು, ‘ಬರೆದುಕೊಟ್ಟದ್ದು ನೀವೇ ತಾನೆ, ಒಪ್ಪಿಗೆ ಇದೆಯೇ’ ಎಂಬ ಪ್ರಶ್ನೆ. ಅದಕ್ಕೆ ಹೌದು ಎಂದರೆ ಐದು ನಿಮಿಷದ ಕೆಲಸ. ಇಲ್ಲ ಎಂದವರನ್ನು ನನ್ನ ಕಸುಬಿನಲ್ಲಿ ಒಮ್ಮೆ ಮಾತ್ರ ನೋಡಿದ್ದೇನೆ. ಅಧಿಕಾರಿಗಳು ಅಲ್ಲಿಗೇ ನಿಲ್ಲಿಸಿ ಪತ್ರವನ್ನು ಹಿಂದಕ್ಕೆ ಕೊಟ್ಟರು.

ತಂಗಿಯವರು ಪಾಲನ್ನು ಬಿಡುವ ಮನಸ್ಸಿದ್ದರೂ ಗಮನಿಸಬೇಕಾದದ್ದಿದೆ. ಹಣ ಪಡೆದು ಬಿಡುವುದಾದರೆ ಮೊತ್ತವನ್ನೂ ಚೆಕ್ಕಿನ ವಿವರವನ್ನೂ ಬರೆಸಿ, ಪಡೆಯದ ಹಣವನ್ನು ಪಡೆದಿದ್ದೇನೆಂದು ಬರೆಸಬೇಡಿ. ಎಲ್ಲ ಸ್ವತ್ತನ್ನೂ ಬಿಡಬೇಕಾಗಿಲ್ಲ, ತೋಟವನ್ನು ಬಿಟ್ಟು ಮನೆಯ ಪಕ್ಕದ ಹಿತ್ತಲನ್ನು ಉಳಿಸಿಕೊಳ್ಳಬಹುದು. ಷೆಡ್ಯೂಲಿನಲ್ಲಿ ಯಾವ ಯಾವ ಸರ್ವೆ ನಂಬರುಗಳಿವೆ, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ಸರಿಯಿದೆಯೇ ನೋಡಿ. ಪಾಲುಪಟ್ಟಿಯನ್ನೇ ಮಾಡಿಕೊಳ್ಳುವುದಾದರೆ, ಒಂದು ಸರ್ವೆ ನಂಬರನ್ನು ತುಂಡು ಮಾಡಬೇಕಾದಲ್ಲಿ ಭೂಮಾಪಕರಿಂದ 11ಇ ನಕ್ಷೆ (ತುಂಡಾಗುವ ಭಾಗಗಳನ್ನು ಅಳೆದು ತೋರಿಸುವ ನಕ್ಷೆ) ಆಗದೆ ನೋಂದಣಿ ಆಗದು. ಮನೆಯವರೊಳಗಿನ ಪಾಲಿಗೂ ಹಕ್ಕು ಬಿಡುಗಡೆಗೂ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ, ಖರ್ಚಿನ ನೆಪ ಹೇಳಿದರೆ ನಂಬಬೇಡಿ.

11. ಆಲೂರಿನ ಅಣ್ಣ

ವಕೀಲರು ಹೊಂದಾಣಿಕೆಯ ವಿಷಯ ಹೇಳಿದ್ದಕ್ಕೆ ಕೃತಜ್ಞತೆಗಳು. ಆದರೆ ಇಪ್ಪತ್ತು ವರ್ಷದ ಹಿಂದಿನ ಆಳುಗಳ ಬಟವಾಡೆಯ ಚೀಟಿಯನ್ನು ಯಾರು ಇಟ್ಟುಕೊಂಡಿರುತ್ತಾರೆ? ನನ್ನ ಹತ್ತಿರ ಸಂಘದ ಸಾಲದ ಪಾಸ್‌ಬುಕ್ಕುಗಳು ಮಾತ್ರ ಇವೆ. ಕಾನೂನು ಸರಿಯಿರಬಹುದು, ನನ್ನ ಪಾಲಿಗೆ ಅದು ನ್ಯಾಯವಾಗಿ ಕಾಣುತ್ತಿಲ್ಲ ಎಂಬುದನ್ನು ಬರೆದಿಡುತ್ತೇನೆ.

12. ನಿವೃತ್ತ ಗ್ರಾಮಲೆಕ್ಕಿಗ

ಪಾಸ್‌ಬುಕ್ಕು ಸಾಕಷ್ಟು ದೊಡ್ಡ ದಾಖಲೆಯೇ ಸ್ವಾಮಿ. ಸಂಘದವರ ಸಾಲದ ಖಾತೆಯಲ್ಲಿ ಕಟ್ಟಿದ ದಿನಾಂಕಗಳೂ ಸಿಗುತ್ತವೆ, ನಕಲು ಕೇಳಿ ಪಡೆಯಿರಿ.

13. ಹಾಸನದ ಮಗಳು

ಏನಾಯಿತೆಂದು ತಿಳಿಸುತ್ತೇನೆ. ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲಿಲ್ಲ. ಭಾನುವಾರವೇ ಅಕ್ಕನನ್ನು ಕರೆದುಕೊಂಡು ತವರಿಗೆ ಹೋದೆ. ಹೋಗುವ ಮೊದಲು ತಮ್ಮನಿಗೆ ಫೋನು ಮಾಡಿ, ನಾವು ಜಗಳಕ್ಕೆ ಬರುತ್ತಿಲ್ಲ, ಪತ್ರವನ್ನು ಅಮ್ಮನ ಮುಂದೆ ಓದಬೇಕೆಂದು ಬರುತ್ತಿದ್ದೇವೆ ಎಂದು ಹೇಳಿದ್ದೆ. ಕಣದಲ್ಲಿ ಕಾಫಿ ಹರಡಿತ್ತು. ಮೋಡವಾಗಿದ್ದರಿಂದ ಎಲ್ಲರೂ ಸೇರಿ ಅದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆಯೇ ಒಳಗೆ ಕುಳಿತದ್ದು. ಅಷ್ಟು ಹೊತ್ತು ಒಟ್ಟಿಗೆ ಕೆಲಸ ಮಾಡಿದ್ದು ಒಳ್ಳೆಯದೇ ಆಯಿತು.

ಏಳು ಹಾಳೆಯನ್ನೂ ನಾನು ಗಟ್ಟಿಯಾಗಿ ಓದಿದೆ. ನಾಲ್ಕನೆಯ ಹಾಳೆಗೆ ಬಂದಾಗ ಅಮ್ಮ, ‘ನಾನು ಯಾವಾಗ ಮದುವೆಯಲ್ಲಿ ಭಾಗ ಇಸ್ಕೊಂಡೆ?’ ಎಂದರು. ಬರೆದುಕೊಡುವವರಲ್ಲಿ ಅವರೂ ಒಬ್ಬರಾದ್ದರಿಂದ ಅಚ್ಚಿನ ಆ ಸಾಲು ಅವರಿಗೂ ಸೇರಿಹೋಗಿತ್ತು. ತಮ್ಮನಿಗೆ ನಗು ಬಂತು, ಆಮೇಲೆ ನಗಲಾರದೆ ತಲೆ ತಗ್ಗಿಸಿದ. ಪತ್ರವನ್ನು ಅವನೂ ಪೂರ್ತಿಯಾಗಿ ಓದಿರಲಿಲ್ಲ ಎಂಬುದು ಆಗ ತಿಳಿಯಿತು. ಅವನ ಹೆಂಡತಿಗೆ ಮಾತ್ರ ನಾವು ಹೋದದ್ದು ಸರಿಬಂದಿಲ್ಲ, ಆ ದಿನ ಅವರು ನಮ್ಮೊಡನೆ ಊಟಕ್ಕೆ ಕೂರಲಿಲ್ಲ.

ಸದ್ಯಕ್ಕೆ ನಾಲ್ವರ ಹೆಸರಿನಲ್ಲಿ ಜಂಟಿ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಇತ್ತು, ನನ್ನ ಹೆಸರು ತಪ್ಪಾಗಿತ್ತು, ಸರಿಪಡಿಸಿದ್ದಾರೆ. ಸಂಘದ ಸಾಲದ ನವೀಕರಣಕ್ಕೆ ನಾವು ಮೂವರೂ ಒಂದು ದಿನ ಹೋಗಿ ಸಹಿ ಹಾಕಿ ಬರುವುದೆಂದಾಗಿದೆ. ಅಮ್ಮ ತಮ್ಮ ಪಾಲನ್ನು ಯಾರಿಗೂ ಬರೆದುಕೊಡುವುದಿಲ್ಲ ಎಂದರು. ಉಯಿಲಿನ ಮಾತನ್ನು ಆಮೇಲೆ ನೋಡೋಣ ಎಂದರು. ಪಾಲುಪಟ್ಟಿಗೆ ಮೊದಲು 11ಇ ನಕ್ಷೆಗೆ ಅರ್ಜಿ ಹಾಕಬೇಕು. ನನ್ನ ಭಾಗಕ್ಕೆ ಗದ್ದೆಯ ಮೇಲಿನ ಎಕರೆಯನ್ನು ಕೇಳಿದ್ದೇನೆ, ಅಲ್ಲಿ ಆನೆ ಹೆಚ್ಚು ಬರುವುದರಿಂದ ತಮ್ಮನಿಗೂ ಅದರ ಮೇಲೆ ಅಷ್ಟು ಆಸೆ ಇಲ್ಲ.

ಅಕ್ಕ ತನ್ನ ಪಾಲನ್ನು ತಮ್ಮನಿಗೇ ಬಿಡುತ್ತೇನೆ ಎನ್ನುತ್ತಾಳೆ. ನಾವು ಬೇಡವೆನ್ನಲ್ಲ, ಅದು ಅವಳ ಇಷ್ಟ. ಆದರೆ ಒಡವೆ ವಸ್ತ್ರದ ಸಾಲನ್ನು ತೆಗೆದು, ‘ತಮ್ಮನ ಮೇಲಿನ ಪ್ರೀತಿಯಿಂದ, ನನ್ನ ಹಕ್ಕು ಏನೆಂದು ತಿಳಿದು ಬಿಡುತ್ತಿದ್ದೇನೆ’ ಎಂದು ಬರೆಸಬೇಕೆಂದು ಪಟ್ಟು ಹಿಡಿದಿದ್ದಾಳೆ. ಹಾಗೆ ಬರೆಸಬಹುದೇ ಎಂದು ಬೇಲೂರಿನ ಬರಹಗಾರರನ್ನು ಕೇಳಬೇಕೆಂದಿದ್ದೆ.

14. ಬೇಲೂರಿನ ಪತ್ರಬರಹಗಾರ

ಧಾರಾಳವಾಗಿ ಬರೆಸಬಹುದು. ಖಾತೆಯಾದ ಮೇಲೆ ಹೊಸ ಪಹಣಿಯನ್ನೂ, 1982ರ ಪಾಲುಪಟ್ಟಿಯ ಮತ್ತು 1991ರ ಕ್ರಯಪತ್ರದ ಮೂಲಪ್ರತಿಗಳನ್ನೂ ತನ್ನಿ. ಅಕ್ಕನವರೇ ಬಂದು ನನ್ನೆದುರು ಕುಳಿತು ಹೇಳಲಿ, ಅವರು ಹೇಳಿದಂತೆಯೇ ಬರೆಯುತ್ತೇನೆ.